ಪರಿಚಿತ ಮುಖದ ಪದಗಳು: ಕಾನೂನಿನ ಇಂಗ್ಲಿಷ್ ಓದುವವರಿಗೆ ಒಂದು ಅಧ್ಯಯನ ಟಿಪ್ಪಣಿ

ನಮ್ಮ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆ ಇದೆ. ಮಳೆಗಾಲದಲ್ಲಿ ಕಾಗದಕ್ಕೆ ಬೂಷ್ಟು ಹಿಡಿಯದಿರಲಿ ಎಂದು ಅದನ್ನು ಅಡುಗೆಮನೆಯ ಹೊಗೆ ತಾಗುವ ಮೂಲೆಯಲ್ಲಿ ಇಟ್ಟಿದ್ದಾರೆ. ಅಜ್ಜನ ಕಾಲದ ಆಸ್ತಿ ವಿಭಾಗ ದಾವೆಯ ತೀರ್ಪಿನ ನಕಲು ಅದರಲ್ಲಿದೆ. ಟೈಪ್ ಮಾಡಿದ ಇಂಗ್ಲಿಷ್, ಅಂಚು ಕಂದಿದ ಹಾಳೆಗಳು. ಮೂರನೇ ಪುಟದಲ್ಲಿ ಎರಡನೇ ಪ್ರತಿವಾದಿ, ಎಂದರೆ ಅಜ್ಜನ ತಮ್ಮ, ‘ಡೈಡ್ ವಿದೌಟ್ ಇಶ್ಯೂ’ ಎಂಬ ಸಾಲಿದೆ. ಚಿಕ್ಕಪ್ಪ ಅದನ್ನು ತೋರಿಸಿ, “ಯಾವ ತಕರಾರೂ ಇಲ್ಲದೆ ತೀರಿಕೊಂಡರು ಎಂದು ಕೋರ್ಟೇ ಬರೆದಿದೆ ನೋಡು, ಅಷ್ಟು ಒಳ್ಳೆಯ ಮನುಷ್ಯ” ಎನ್ನುತ್ತಿದ್ದರು. ನಾನೂ ಬಹಳ ವರ್ಷ ಹಾಗೆಯೇ ನಂಬಿದ್ದೆ.

ಕೊಡಗಿನ ವಿರಾಜಪೇಟೆಯಲ್ಲಿ ಪತ್ರ ಬರಹಗಾರರೊಬ್ಬರ ಬಳಿ ಕೆಲಸಕ್ಕೆ ಸೇರಿದ ಮೇಲೆ ಒಂದು ದಿನ ಆ ನಕಲನ್ನು ಅವರಿಗೆ ತೋರಿಸಿದೆ. ಅವರು ಕನ್ನಡಕ ಏರಿಸಿಕೊಂಡು ಓದಿ, “ಇಲ್ಲಿ ಇಶ್ಯೂ ಎಂದರೆ ಸಂತಾನ. ಅವರಿಗೆ ಮಕ್ಕಳಿರಲಿಲ್ಲ ಎಂದು ಹೇಳಿದ್ದಾರೆ” ಎಂದರು. ಮದುವೆಯಾಗದೆ ತೀರಿಕೊಂಡ ಆ ಅಜ್ಜನ ಪಾಲು ಅಣ್ಣತಮ್ಮಂದಿರಿಗೆ ಹಂಚಿಹೋದದ್ದಕ್ಕೆ ಕಾರಣವೇ ಆ ಒಂದು ಪದ. ಅದೇ ತೀರ್ಪಿನ ಮುಂದಿನ ಪುಟದಲ್ಲಿ ನ್ಯಾಯಾಧೀಶರು ಐದು ‘ಇಶ್ಯೂ’ಗಳನ್ನು ರಚಿಸಿದ್ದಾರೆ. ಅಲ್ಲಿ ಅದರ ಅರ್ಥ ವಿವಾದಾಂಶ, ಎರಡೂ ಕಡೆಯವರು ಒಪ್ಪದ, ನ್ಯಾಯಾಲಯ ತೀರ್ಮಾನಿಸಬೇಕಾದ ಪ್ರಶ್ನೆ. ಮೊದಲ ಪುಟದಲ್ಲಿ ಸಮನ್ಸ್ ‘ಇಶ್ಯೂಡ್’ ಎಂದಿದೆ, ಅಂದರೆ ಹೊರಡಿಸಲಾಗಿದೆ. ಒಂದೇ ಕಾಗದದಲ್ಲಿ ಒಂದೇ ಪದಕ್ಕೆ ಮೂರು ಅರ್ಥ.

ಈ ಟಿಪ್ಪಣಿ ಬರೆಯಲು ಅದೇ ಕಾರಣ. ಪ್ರತಿ ಭಾನುವಾರ ನಾವು ನಾಲ್ವರು ಸೇರಿ ಓದುತ್ತೇವೆ. ಒಬ್ಬರು ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಪರೀಕ್ಷೆಗೆ ಸಿದ್ಧರಾಗುತ್ತಿದ್ದಾರೆ, ಒಬ್ಬರು ಕಾನೂನು ಪದವಿಯ ಮೊದಲ ವರ್ಷದಲ್ಲಿದ್ದಾರೆ, ಇನ್ನೊಬ್ಬರು ಜನರಿಗೆ ಅರ್ಜಿ ತುಂಬಿಕೊಡುವ ಅಂಗಡಿ ಇಟ್ಟಿದ್ದಾರೆ. ‘ಹೇಬಿಯಸ್ ಕಾರ್ಪಸ್’, ‘ಸುವೋ ಮೋಟು’, ‘ಪ್ರೈಮಾ ಫೇಸಿ’ ಇಂತಹ ಲ್ಯಾಟಿನ್ ಪದಗಳಿಂದ ನಮಗೆ ಅಷ್ಟು ತೊಂದರೆಯಾಗಿಲ್ಲ. ಅವು ಕಂಡ ಕೂಡಲೇ ಗೊತ್ತಿಲ್ಲ ಎಂದು ಗೊತ್ತಾಗುತ್ತದೆ, ನಿಘಂಟು ತೆರೆಯುತ್ತೇವೆ. ಶಾಲೆಯಲ್ಲೇ ಕಲಿತ ಪದಗಳು ಹಾಗಲ್ಲ. ಅವುಗಳ ಮುಖ ಪರಿಚಿತ, ಆದ್ದರಿಂದ ನಿಲ್ಲದೆ ದಾಟಿಬಿಡುತ್ತೇವೆ. ನನ್ನ ಪುಸ್ತಕದಲ್ಲಿ ಇಂತಹ ಪದಗಳನ್ನೇ ಮೊದಲು ಬರೆದುಕೊಳ್ಳುತ್ತೇನೆ.

ಮೊದಲು ‘ಎಕ್ಸಿಕ್ಯೂಟ್’. ಪತ್ರಿಕೆಯಲ್ಲಿ ಓದಿದವರಿಗೆ ಇದು ಗಲ್ಲಿಗೇರಿಸುವುದು. ನೋಂದಣಿ ಕಚೇರಿಯಲ್ಲಿ ಇದು ಪತ್ರಕ್ಕೆ ಸಹಿ ಹಾಕಿ ಬರೆದುಕೊಡುವುದು. ನಮ್ಮ ಕ್ರಯಪತ್ರಗಳಲ್ಲಿ ಬರುವ ‘ಬರೆದುಕೊಟ್ಟವರು’ ಎಂಬ ಮಾತು ಇಂಗ್ಲಿಷಿನ ‘ಎಕ್ಸಿಕ್ಯೂಟೆಂಟ್’ಗೆ ಹೇಳಿ ಮಾಡಿಸಿದ ಹಾಗಿದೆ, ಎಷ್ಟು ಸಲ ಬರೆದರೂ ನನಗೆ ಅದು ಇಷ್ಟ. ಸಿವಿಲ್ ನ್ಯಾಯಾಲಯಕ್ಕೆ ಹೋದರೆ ‘ಎಕ್ಸಿಕ್ಯೂಷನ್’ ಎಂದರೆ ಡಿಕ್ರಿಯ ಅಮಲ್ಜಾರಿ. ಗೆದ್ದ ತೀರ್ಪನ್ನು ಕಾರ್ಯರೂಪಕ್ಕೆ ತರಲು ಮತ್ತೊಂದು ಅರ್ಜಿ ಹಾಕಬೇಕು ಎನ್ನುವುದು ಅನೇಕರಿಗೆ ತಿಳಿದಿರುವುದಿಲ್ಲ. ಅದಕ್ಕೆ ಸಾಮಾನ್ಯವಾಗಿ 12 ವರ್ಷಗಳ ಕಾಲಮಿತಿ ಇದೆ. ಸರ್ಕಾರದ ಪಾಠದಲ್ಲಿ ‘ಎಕ್ಸಿಕ್ಯುಟಿವ್’ ಎಂದರೆ ಕಾರ್ಯಾಂಗ. ಎಲ್ಲದರ ಬೇರೂ ಒಂದೇ: ಹೇಳಿದ್ದನ್ನು ಮಾಡಿ ಮುಗಿಸುವುದು. ಆ ಬೇರನ್ನು ಹಿಡಿದುಕೊಂಡರೆ ನಾಲ್ಕು ಅರ್ಥಗಳೂ ನೆನಪಿನಲ್ಲಿ ಉಳಿಯುತ್ತವೆ.

ಈ ಪದದಿಂದ ಕೆಲಸ ಕೆಡುವುದೂ ಉಂಟು. 1908ರ ನೋಂದಣಿ ಕಾಯ್ದೆಯ ಪ್ರಕಾರ ಪತ್ರವನ್ನು ‘ಎಕ್ಸಿಕ್ಯೂಷನ್’ ಆದ ದಿನದಿಂದ ನಾಲ್ಕು ತಿಂಗಳೊಳಗೆ ನೋಂದಣಿಗೆ ಹಾಜರುಪಡಿಸಬೇಕು. ಸಹಿ ಹಾಕಿದ ದಿನವೇ ಎಕ್ಸಿಕ್ಯೂಷನ್ ಆದ ದಿನ, ನೋಂದಣಿಯ ದಿನವಲ್ಲ. ಮನೆಯಲ್ಲಿ ಸಹಿ ಮಾಡಿ, ಕಾಫಿ ಕೊಯ್ಲು ಮುಗಿಯಲಿ ಎಂದು ಪತ್ರವನ್ನು ಕಪಾಟಿನಲ್ಲಿಟ್ಟು, ಐದನೇ ತಿಂಗಳಲ್ಲಿ ತಂದವರನ್ನು ನಾನು ಕಂಡಿದ್ದೇನೆ. ಅವರ ಮುಖ ಇಂದಿಗೂ ಕಣ್ಣಮುಂದಿದೆ.

‘ಕನ್ಸಿಡರೇಷನ್’ ಕೂಡ ಇದೇ ಜಾತಿಯದು. ಶಾಲೆಯಲ್ಲಿ ಇದನ್ನು ಪರಿಗಣನೆ, ಆಲೋಚನೆ ಎಂದು ಕಲಿತಿರುತ್ತೇವೆ. 1872ರ ಕರಾರು ಕಾಯ್ದೆಯಲ್ಲಿ ಇದು ಪ್ರತಿಫಲ. ದಾನಪತ್ರದಲ್ಲಿ ‘ವಿದೌಟ್ ಕನ್ಸಿಡರೇಷನ್’ ಎಂದಿದ್ದರೆ ಯೋಚಿಸದೆ ಕೊಟ್ಟರು ಎಂದಲ್ಲ, ಪ್ರತಿಫಲ ಪಡೆಯದೆ ಕೊಟ್ಟರು ಎಂದರ್ಥ. ದಾವಾ ಪತ್ರದ ಕೊನೆಯಲ್ಲಿ ಬರುವ ‘ಪ್ರೇಯರ್’ ನಾವು ನ್ಯಾಯಾಲಯದಿಂದ ಕೇಳುವ ಪರಿಹಾರ. ಸಮನ್ಸ್ ಬಗ್ಗೆ ‘ಸರ್ವಿಸ್’ ಎಂದರೆ ಜಾರಿ ಮಾಡುವುದು. ‘ಸೆಂಟೆನ್ಸ್’ ಎಂದರೆ ಶಿಕ್ಷೆ. ಅಪರಾಧ ಸಾಬೀತಾಯಿತು ಎನ್ನುವ ‘ಕನ್ವಿಕ್ಷನ್’ ಮೊದಲು, ಶಿಕ್ಷೆಯ ಪ್ರಮಾಣ ಆಮೇಲೆ.

ಈಗ ನಮ್ಮ ಜಿಲ್ಲೆಗೇ ಸೇರಿದ ಒಂದು ಪದ, ‘ರಿಡೀಮ್ಡ್’. ಕೊಡಗಿನಲ್ಲಿ ತೋಟ ಇರುವ ಮನೆಗಳಲ್ಲಿ ಇಂಗ್ಲಿಷ್ ಓದದ ಹಿರಿಯರೂ ರಿಡೀಮ್ಡ್, ಅನ್‌ರಿಡೀಮ್ಡ್ ಎನ್ನುತ್ತಾರೆ. ನಿಘಂಟಿನಲ್ಲಿ ರಿಡೀಮ್ ಎಂದರೆ ಬಿಡಿಸಿಕೊಳ್ಳು. ಅಡವಿಟ್ಟ ಒಡವೆಯನ್ನು ಹಣ ಕಟ್ಟಿ ಬಿಡಿಸಿಕೊಳ್ಳುತ್ತೇವಲ್ಲ, ಹಾಗೆ. ಜಮೀನಿನಲ್ಲಿರುವ ಮರಗಳ ಬೆಲೆಯನ್ನು ಸರ್ಕಾರಕ್ಕೆ ಕಟ್ಟಿ ಮರದ ಹಕ್ಕನ್ನು ಬಿಡಿಸಿಕೊಂಡಿದ್ದರೆ ಆ ಜಾಗ ರಿಡೀಮ್ಡ್. ಕಟ್ಟಿಲ್ಲದಿದ್ದರೆ ಅನ್‌ರಿಡೀಮ್ಡ್, ಅಲ್ಲಿ ನಿಂತಿರುವ ಮರದ ಮೇಲೆ ಸರ್ಕಾರದ ಹಕ್ಕು ಉಳಿದಿರುತ್ತದೆ. ನೆಲ ನಮ್ಮದು, ಅದರ ಮೇಲಿನ ಬೀಟೆ ಮರ ನಮ್ಮದಲ್ಲ ಎನ್ನುವ ಸ್ಥಿತಿ. ಮರ ಮಾರಲು ಹೊರಟಾಗ ಮಾತ್ರ ಈ ಪದ ನೆನಪಾದರೆ ಪ್ರಯೋಜನವಿಲ್ಲ. ತೋಟ ಕೊಳ್ಳುವ ಮುಂಚೆಯೇ ಕಾಗದದಲ್ಲಿ ಹುಡುಕಬೇಕಾದ ಪದ ಇದು.

ಇದರ ಹಿಂದೆ ಚರಿತ್ರೆ ಇದೆ. 1834ರಲ್ಲಿ ಕೊಡಗು ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯದಲ್ಲಿ ವಿಲೀನವಾಗುವವರೆಗೂ ಇಲ್ಲಿಗೆ ತನ್ನದೇ ಪ್ರತ್ಯೇಕ ಆಡಳಿತವಿತ್ತು, 1899ರ ಕೊಡಗು ಭೂಕಂದಾಯ ರೆಗ್ಯುಲೇಷನ್ ಎಂಬ ತನ್ನದೇ ಕಂದಾಯ ಕಾನೂನಿತ್ತು. ಹಾಗಾಗಿ ಇಂಗ್ಲಿಷ್ ಪದಗಳು ನಮ್ಮ ಮನೆಮಾತಿಗೆ ಬಂದವು, ನಮ್ಮ ಪದಗಳು ಇಂಗ್ಲಿಷ್ ಕಾಗದಗಳಿಗೆ ಹೋದವು. ಜಮ್ಮ, ಬಾಣೆ, ಪೈಸಾರಿ ಈ ಮೂರನ್ನೂ ಇಂಗ್ಲಿಷ್ ಆದೇಶಗಳಲ್ಲಿ ಭಾಷಾಂತರ ಮಾಡದೆ ಹಾಗೆಯೇ ಬರೆಯುತ್ತಾರೆ. ಜಮ್ಮ ಎಂದರೆ ಜನ್ಮದಿಂದ ಬರುವ ವಂಶಪಾರಂಪರ್ಯದ ಹಿಡುವಳಿ, ಬಾಣೆ ಗದ್ದೆಯ ಬೇಸಾಯಕ್ಕೆ ಆಸರೆಯಾಗಿ ಅದರ ಜೊತೆ ಕೊಟ್ಟ ಮರಗಾಡಿನ ಭೂಮಿ, ಪೈಸಾರಿ ಸರ್ಕಾರಿ ಬೀಳು. ಇಂಗ್ಲಿಷ್ ವಾಕ್ಯದ ನಡುವೆ ಇವು ಕಂಡರೆ ಓದುಗನಿಗೆ ಧೈರ್ಯ ಬರುತ್ತದೆ.

ಇನ್ನೊಂದು ಕೊಡಗಿನ ಪದ ‘ಎಕ್ಸೆಂಪ್ಷನ್’, ವಿನಾಯಿತಿ. ಕೊಡವರಿಗೂ ಜಮ್ಮ ಹಿಡುವಳಿದಾರರಿಗೂ ಬಂದೂಕಿಗೆ ‘ಲೈಸೆನ್ಸ್’ ಇದೆ ಎಂದು ಹೊರಗಿನವರು ಹೇಳುವುದುಂಟು, ಅದು ತಪ್ಪು. ಲೈಸೆನ್ಸ್ ಎಂದರೆ ಕೇಳಿ ಪಡೆಯುವ ಅನುಮತಿ. ಎಕ್ಸೆಂಪ್ಷನ್ ಎಂದರೆ ಆ ಅನುಮತಿ ಕೇಳಬೇಕೆಂಬ ನಿಯಮದಿಂದಲೇ ಬಿಡುಗಡೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೇಂದ್ರ ಸರ್ಕಾರ ಈ ವಿನಾಯಿತಿಯನ್ನು 2029ರ ಅಕ್ಟೋಬರ್ 31ರವರೆಗೆ ಮುಂದುವರಿಸಿದೆ, ಕರ್ನಾಟಕ ಹೈಕೋರ್ಟ್ ಅದನ್ನು 2021ರಲ್ಲಿ ಎತ್ತಿಹಿಡಿದಿದೆ. ಆಯುಧ ಪೂಜಿಸುವ ಕೈಲ್ ಪೊಳ್ದ್ ಹಬ್ಬದಂದು ತೋಕಿಗೆ, ಎಂದರೆ ಕೋವಿಗೆ, ಹೂವಿಟ್ಟು ಪೂಜಿಸುವ ಮನೆಯ ಮಕ್ಕಳಿಗೆ ಈ ಎರಡು ಪದಗಳ ವ್ಯತ್ಯಾಸ ಗೊತ್ತಿರಲೇಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ. ದಿನಾಂಕದ ಜೊತೆ ಬರುವ ‘ವರೆಗೆ’, ಇಂಗ್ಲಿಷಿನ ‘ಅಂಟಿಲ್’, ಎಂಬ ಸಣ್ಣ ಪದವನ್ನೂ ಗಮನಿಸಿ, ವಿನಾಯಿತಿಗೆ ಒಂದು ಕೊನೆಯ ದಿನವಿದೆ ಎಂದು ಅದು ಹೇಳುತ್ತದೆ.

ಸಣ್ಣ ಪದಗಳ ಮಾತು ಬಂದದ್ದರಿಂದ ನಾವು ಎರಡು ಭಾನುವಾರ ಪೂರ್ತಿ ಕಳೆದ ಒಂದೇ ಒಂದು ವಾಕ್ಯದ ಬಗ್ಗೆ ಹೇಳುತ್ತೇನೆ. ಅದು 2005ರ ಮಾಹಿತಿ ಹಕ್ಕು ಕಾಯ್ದೆಯ 7ನೇ ಪ್ರಕರಣದ (ಸೆಕ್ಷನ್) ಮೊದಲ ಉಪಪ್ರಕರಣ. ವಾಕ್ಯ ‘ಸಬ್ಜೆಕ್ಟ್ ಟು’ ಎಂದು ಶುರುವಾಗುತ್ತದೆ. ವಿಷಯ ಎಂಬ ಅರ್ಥ ಇಲ್ಲಿಲ್ಲ; ‘ಒಳಪಟ್ಟು’ ಎಂದರ್ಥ. ಮುಂದೆ ಹೇಳುವ ನಿಯಮಕ್ಕೆ ಮೇಲೊಂದು ನಿಯಮ ಕೂತಿದೆ, ಅದನ್ನು ಮೊದಲು ಓದಿ ಬಾ ಎಂದು ಹೇಳುವ ಕೈಮರ ಅದು. ಆಮೇಲೆ ‘ಷಲ್’ ಬರುತ್ತದೆ. ವ್ಯಾಕರಣ ಪುಸ್ತಕದಲ್ಲಿ ಷಲ್ ಎಂದರೆ ಬರಿಯ ಭವಿಷ್ಯತ್ಕಾಲ, ಕಾನೂನಿನಲ್ಲಿ ಅದು ಕಡ್ಡಾಯ. ಕನ್ನಡ ಕಾಯ್ದೆಗಳಲ್ಲಿ ‘ತಕ್ಕದ್ದು’ ಎಂದು ಬರೆಯುವುದು ಇದನ್ನೇ: ಮಾಹಿತಿ ನೀಡತಕ್ಕದ್ದು, ಅದೂ ಅರ್ಜಿ ತಲುಪಿದ 30 ದಿನಗಳೊಳಗೆ. ‘ಮೇ’ ಇದ್ದರೆ ‘ಬಹುದು’, ಅಧಿಕಾರಿಯ ವಿವೇಚನೆಗೆ ಬಿಟ್ಟದ್ದು. ಬಳಿಕ ‘ಪ್ರೊವೈಡೆಡ್ ದಟ್’, ಅಂದರೆ ಕನ್ನಡದ ‘ಪರಂತು’. ವ್ಯಕ್ತಿಯ ಜೀವ ಅಥವಾ ಸ್ವಾತಂತ್ರ್ಯಕ್ಕೆ ಸಂಬಂಧಿಸಿದ ಮಾಹಿತಿಯಾದರೆ 48 ಗಂಟೆಗಳೊಳಗೆ ಕೊಡಬೇಕು ಎಂದು ಆ ಪರಂತು ಹೇಳುತ್ತದೆ. ಅದೇ ಸಾಲಿನ ಒಳಗೆ ‘ಪ್ರೊವೈಡೆಡ್’ ಮತ್ತೊಮ್ಮೆ ಬರುತ್ತದೆ, ಈ ಸಲ ‘ಒದಗಿಸು’ ಎಂಬ ಮಾಮೂಲಿ ಅರ್ಥದಲ್ಲಿ. ಎರಡು ಸಲ ಓದಿಯೂ ನಮಗೆ ಇದು ಹೊಳೆದಿರಲಿಲ್ಲ. ಅರ್ಜಿ ಅಂಗಡಿಯ ಗೆಳತಿ ಪೆನ್ಸಿಲಿನಿಂದ ಎರಡಕ್ಕೂ ಸುತ್ತು ಹಾಕಿದಾಗ ಎಲ್ಲರೂ ಒಮ್ಮೆಗೇ ಹೋ ಎಂದೆವು.

‘ನಾಟ್‌ವಿತ್‌ಸ್ಟ್ಯಾಂಡಿಂಗ್’ ಈ ಗುಂಪಿನ ಯಜಮಾನ. ‘ಏನೇ ಒಳಗೊಂಡಿದ್ದರೂ’ ಎಂದು ಕನ್ನಡದಲ್ಲಿ ಬರುತ್ತದೆ. ಅದೇ ಕಾಯ್ದೆಯ 8ನೇ ಪ್ರಕರಣ ಹೀಗೆ ಆರಂಭವಾಗಿ, ಯಾವ ಮಾಹಿತಿ ಕೊಡಬೇಕಾಗಿಲ್ಲ ಎಂದು ಪಟ್ಟಿ ಮಾಡುತ್ತದೆ. ಸಬ್ಜೆಕ್ಟ್ ಟು ಎಂದ ನಿಯಮ ಇನ್ನೊಂದಕ್ಕೆ ತಲೆಬಾಗುತ್ತದೆ, ನಾಟ್‌ವಿತ್‌ಸ್ಟ್ಯಾಂಡಿಂಗ್ ಎಂದ ನಿಯಮ ಉಳಿದವನ್ನು ಬಾಗಿಸುತ್ತದೆ. ಇಷ್ಟು ತಿಳಿದರೆ ಯಾವ ಕಾಯ್ದೆಯನ್ನಾದರೂ ಕೈಗೆತ್ತಿಕೊಳ್ಳಬಹುದು.

ಕೆಲವು ಸಲ ಗೊಂದಲಕ್ಕೆ ನಮ್ಮ ಕನ್ನಡದ ಪದವೇ ಕಾರಣ. ‘ತಡೆಯಾಜ್ಞೆ’ಯನ್ನೇ ನೋಡಿ. ಒಂದು ಆದೇಶ ಅಥವಾ ನಡಾವಳಿಯನ್ನು ನಿಲ್ಲಿಸಿಡುವುದು ‘ಸ್ಟೇ’. ಒಬ್ಬ ವ್ಯಕ್ತಿಗೆ ಬೇಲಿ ಕೀಳಬೇಡ, ದಾರಿ ಮುಚ್ಚಬೇಡ ಎಂದು ಹೇಳುವುದು ‘ಇಂಜಂಕ್ಷನ್’. ನಮ್ಮಲ್ಲಿ ಎರಡಕ್ಕೂ ತಡೆಯಾಜ್ಞೆ ಎಂದೇ ಹೇಳಿಬಿಡುತ್ತೇವೆ. ಪರೀಕ್ಷೆಗೆ ಬರೆಯುವಾಗ ಎರಡನೆಯದಕ್ಕೆ ನಿರ್ಬಂಧಕಾಜ್ಞೆ ಎಂದು ಬರೆಯುವುದು ಲೇಸು. ‘ನಿಷೇಧಾಜ್ಞೆ’ ಇವೆರಡೂ ಅಲ್ಲ, ಗುಂಪು ಸೇರದಂತೆ ಜಿಲ್ಲಾಡಳಿತ ಹೊರಡಿಸುವಂಥದ್ದು. ಜನ ಇನ್ನೂ ಹಳೆಯ ಸಂಹಿತೆಯ ಸಂಖ್ಯೆ ಹಿಡಿದು 144 ಎನ್ನುತ್ತಾರೆ, ಆದರೆ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಅದು 163ನೇ ಪ್ರಕರಣ.

‘ನಾನ್ ಬೇಲಬಲ್’ ಅನ್ನು ‘ಜಾಮೀನುರಹಿತ’ ಎಂದು ಕರೆದದ್ದರಿಂದ ಜಾಮೀನೇ ಸಿಗದು ಎಂದು ಹೆದರುವವರು ಬಹಳ. ಬೇಲಬಲ್ ಅಪರಾಧದಲ್ಲಿ ಜಾಮೀನು ಆರೋಪಿಯ ಹಕ್ಕು, ನಾನ್ ಬೇಲಬಲ್ ಆದರೆ ಅದು ನ್ಯಾಯಾಲಯದ ವಿವೇಚನೆ. ಸಿಗಬಹುದು, ಸಿಗದೆಯೂ ಇರಬಹುದು. ಮಗನನ್ನು ಠಾಣೆಗೆ ಕರೆದೊಯ್ದ ತಾಯಿಯೊಬ್ಬರಿಗೆ ಇಷ್ಟನ್ನು ಬಿಡಿಸಿ ಹೇಳುವವರು ಒಬ್ಬರಿದ್ದರೆ ಅವರ ಆ ರಾತ್ರಿ ಬೇರೆಯೇ ಆಗಿರುತ್ತದೆ. ‘ಡಿಸ್‌ಚಾರ್ಜ್’ ಮತ್ತು ‘ಅಕ್ವಿಟಲ್’ ಕೂಡ ಬೇರೆಬೇರೆ: ಮೊದಲನೆಯದು ವಿಚಾರಣೆ ಶುರುವಾಗುವ ಮುಂಚೆಯೇ ಆರೋಪದಿಂದ ಕೈಬಿಡುವುದು, ಎರಡನೆಯದು ವಿಚಾರಣೆ ಮುಗಿದು ಖುಲಾಸೆಯಾಗುವುದು.

ಸರ್ಕಾರದ ಪದಗಳು ಸುಲಭ, ಕ್ರಮ ನೆನಪಿದ್ದರೆ ಸಾಕು. ‘ಬಿಲ್’ ಮಸೂದೆ, ಸದನದ ಒಪ್ಪಿಗೆಯ ಬಳಿಕ ಅಂಕಿತ ಬಿದ್ದರೆ ‘ಆಕ್ಟ್’ ಅಂದರೆ ಅಧಿನಿಯಮ, ಅದರಡಿ ‘ರೂಲ್ಸ್’ ನಿಯಮಗಳು, ‘ನೋಟಿಫಿಕೇಷನ್’ ಅಧಿಸೂಚನೆ, ‘ಸರ್ಕ್ಯುಲರ್’ ಸುತ್ತೋಲೆ. ‘ಆರ್ಡಿನೆನ್ಸ್’ ಮಾತ್ರ ಬಿಟ್ಟು ಹೋಗಲು ಮನಸ್ಸಾಗದು. ಸದನ ನಡೆಯದಿರುವಾಗ ತುರ್ತಾಗಿ ಹೊರಡಿಸುವ ಈ ಆಜ್ಞೆಯನ್ನು ಕನ್ನಡದಲ್ಲಿ ‘ಸುಗ್ರೀವಾಜ್ಞೆ’ ಎನ್ನುತ್ತೇವೆ. ರಾಮಾಯಣದಲ್ಲಿ ಸುಗ್ರೀವ ಸೀತೆಯನ್ನು ಹುಡುಕಲು ವಾನರರನ್ನು ಕಳುಹಿಸುವಾಗ ಒಂದು ತಿಂಗಳ ಗಡುವು ಹಾಕಿದ್ದ, ಮೀರಿದವರಿಗೆ ಮರಣ. ಸಂವಿಧಾನದ ಆರ್ಡಿನೆನ್ಸಿಗೂ ಗಡುವಿದೆ, ಸದನ ಮತ್ತೆ ಸೇರಿದ ದಿನದಿಂದ ಆರು ವಾರ. ಇಂಗ್ಲಿಷಿನ ಪದದಲ್ಲಿ ಇಲ್ಲದ ಕಥೆ ನಮ್ಮ ಪದದಲ್ಲಿದೆ.

ಓದುವ ರೀತಿಯ ಬಗ್ಗೆ ಒಂದೆರಡು ಮಾತು. ಪದಪಟ್ಟಿ ಬಾಯಿಪಾಠ ಮಾಡುವುದನ್ನು ನಾವು ಬಿಟ್ಟಿದ್ದೇವೆ. ಒಂದೇ ಪ್ರಕರಣದ ಇಂಗ್ಲಿಷ್ ಪಠ್ಯವನ್ನೂ ಅಧಿಕೃತ ಕನ್ನಡ ಪಠ್ಯವನ್ನೂ ಎದುರುಬದುರು ಇಟ್ಟು, ಒಬ್ಬರು ಜೋರಾಗಿ ಓದಿ ಇನ್ನೊಬ್ಬರು ಮತ್ತೊಂದರಲ್ಲಿ ಬೆರಳಿಟ್ಟು ಹಿಂಬಾಲಿಸುತ್ತೇವೆ. 2019ರಿಂದ ಸುಪ್ರೀಂ ಕೋರ್ಟಿನ ಆಯ್ದ ತೀರ್ಪುಗಳು ಕನ್ನಡದಲ್ಲೂ ಸಿಗುತ್ತಿವೆ, ಅವನ್ನೂ ಹೀಗೆ ಓದಬಹುದು. ಸಂವಿಧಾನದ 348ನೇ ವಿಧಿಯ ಪ್ರಕಾರ ಮೇಲಿನ ನ್ಯಾಯಾಲಯಗಳ ನಡಾವಳಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುವುದರಿಂದ, ನಮ್ಮ ಊರಿನ ದಾವೆ ಬೆಂಗಳೂರಿಗೆ ಹೋದ ದಿನ ಈ ಅಭ್ಯಾಸ ಬೇಕೇ ಬೇಕಾಗುತ್ತದೆ.

ಚಿಕ್ಕಪ್ಪನಿಗೆ ಆ ಸಾಲಿನ ನಿಜವಾದ ಅರ್ಥ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ತಕರಾರು ಮಾಡಿದವರಂತೂ ಅಲ್ಲ ಅವರು” ಎಂದರು. ಆಮೇಲೆ ಪೆಟ್ಟಿಗೆಯ ತಳದಿಂದ ಇನ್ನೊಂದು ಕಾಗದ ತೆಗೆದು ನನ್ನ ಕೈಗಿಟ್ಟರು. ಅದೊಂದು ಅಡಮಾನ ಪತ್ರ, ಎರಡನೇ ಸಾಲಿನಲ್ಲೇ ‘ರಿಡೆಂಪ್ಷನ್’ ಎಂದಿದೆ. ಮುಂದಿನ ಭಾನುವಾರಕ್ಕೆ ಅದನ್ನೇ ಇಟ್ಟುಕೊಂಡಿದ್ದೇವೆ.