ಓಝೋನಿಕ್: ಬಯಲುಗಾಳಿಯ ಪರಿಮಳ

ಸುಗಂಧದ್ರವ್ಯಗಳ ವರ್ಣನೆಯಲ್ಲಿ ಬರುವ ‘ಓಝೋನಿಕ್’ ಎಂಬ ಮಾತು, ತೆರೆದ ಬಯಲಿನ ತಾಜಾ ಗಾಳಿಯನ್ನು ನೆನಪಿಗೆ ತರುವ ಪರಿಮಳಗಳಿಗೆ ಸಲ್ಲುತ್ತದೆ. ಇದರ ಮೂಲ ಓಝೋನ್ ಅನಿಲ. ಮಿಂಚು ಹೊಡೆದಾಗಲೂ ಹುಟ್ಟುವ ಈ ಅನಿಲದ ಚುರುಕು ವಾಸನೆಯನ್ನು ಗಮನಿಸಿದ ರಸಾಯನವಿಜ್ಞಾನಿ ಶೋನ್‌ಬೈನ್ 1840ರಲ್ಲಿ ಅದಕ್ಕೆ ಆ ಹೆಸರಿಟ್ಟರು. ಆದರೆ ಸೀಸೆಯೊಳಗೆ ಓಝೋನ್ ಇರುವುದಿಲ್ಲ. ಅದು ಬೇಗನೆ ಒಡೆದುಹೋಗುತ್ತದೆ, ಜೊತೆಗಿರುವ ಸುಗಂಧವಸ್ತುಗಳನ್ನು ಕೆಡಿಸುತ್ತದೆ, ಶ್ವಾಸಕೋಶಕ್ಕೂ ಹಾನಿ ಮಾಡುತ್ತದೆ.

ಗಾಳಿಯ ಬಹುಪಾಲಾದ ಸಾರಜನಕ, ಆಮ್ಲಜನಕಗಳಿಗೆ ವಾಸನೆಯೇ ಇಲ್ಲ. ನಾವು ಗಾಳಿಯ ವಾಸನೆ ಎನ್ನುವುದು ಅದು ಹಾದುಬಂದ ನೆಲ, ನೀರು, ಗಿಡಗಳದ್ದು. ಮಂಡ್ಯದ ವಿಶ್ವೇಶ್ವರಯ್ಯ ನಾಲೆಯ ಏರಿಯ ಮೇಲೆ ಮುಂಗಾರಿನ ಮೊದಲ ಮಳೆ ನಿಂತ ಮೇಲೆ ಬೀಸುವ ಗಾಳಿಯನ್ನೇ ತೆಗೆದುಕೊಳ್ಳಬಹುದು. ಅದರ ಮಣ್ಣಿನ ಘಮಕ್ಕೆ ಮುಖ್ಯ ಕಾರಣ ಮಣ್ಣಿನ ಸ್ಟ್ರೆಪ್ಟೊಮೈಸಿಸ್ ಬ್ಯಾಕ್ಟೀರಿಯಾಗಳು ತಯಾರಿಸುವ ಜಿಯೋಸ್ಮಿನ್. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ಮನುಷ್ಯರ ಮೂಗು ಅದನ್ನು ಹಿಡಿಯಬಲ್ಲದು. ಬದುವಿನ ಹುಲ್ಲು ಕೊಯ್ದಾಗ ಏಳುವ ಹಸಿವಾಸನೆಯಲ್ಲಿ ಸಿಸ್-3-ಹೆಕ್ಸೆನಾಲ್ ಇರುತ್ತದೆ. ಸುಗಂಧ ತಯಾರಕರು ಇಂಥ ಅಣುಗಳನ್ನೇ ತೀರ ಅಲ್ಪ ಪ್ರಮಾಣದಲ್ಲಿ ಹೊಂದಿಸಿ ಬಯಲಿನ ಭಾವವನ್ನು ಕಟ್ಟುತ್ತಾರೆ. ಕೈ ಸ್ವಲ್ಪ ಮುಂದಾದರೂ ಜಿಯೋಸ್ಮಿನ್ ಕೆಸರುನೀರಿನ ಕಮಟಾಗಿಬಿಡುತ್ತದೆ. ನೀರಿನ ಮೇಲಿಂದ ಬರುವ ತಂಪಿಗೆ, 1966ರಲ್ಲಿ ಫೈಝರ್ ಕಂಪನಿಯ ರಸಾಯನವಿಜ್ಞಾನಿಗಳು ಕಂಡುಕೊಂಡ, ಕಲ್ಲಂಗಡಿಯನ್ನೂ ಕಡಲಗಾಳಿಯನ್ನೂ ಒಟ್ಟಿಗೆ ಹೋಲುವ ಕ್ಯಾಲೋನ್ ಬಳಕೆಯಲ್ಲಿದೆ. ಮಲ್ಲಿಗೆಯ ನಸುಛಾಯೆಯುಳ್ಳ ಹೆಡಿಯೋನ್ ಇಡೀ ಮಿಶ್ರಣವನ್ನು ಹಗುರಗೊಳಿಸುತ್ತದೆ.

ಶ್ರೀಗಂಧ, ಊದುಬತ್ತಿಗಳ ಊರಾದ ಮೈಸೂರಿನಲ್ಲಿ ಪರಿಮಳವೆಂದರೆ ಗಂಟೆಗಟ್ಟಲೆ ನಿಲ್ಲುವಂಥದ್ದು. ಹಸಿರಿನ, ಗಾಳಿಯ ವಾಸನೆಗಳು ಬಹುಮಟ್ಟಿಗೆ ಬೇಗ ಹಾರಿಹೋಗುವಂಥವು, ಆದ್ದರಿಂದ ಅವುಗಳ ಅಡಿಯಲ್ಲಿ ನಿಧಾನವಾಗಿ ಆವಿಯಾಗುವ ವಸ್ತುವೊಂದು ಬೇಕು. ಈ ಕೆಲಸಕ್ಕೆ ಶ್ರೀಗಂಧದ ಎಣ್ಣೆಯಷ್ಟು ಒಪ್ಪುವ ವಸ್ತು ಅಪರೂಪ ಎಂಬುದು ನನ್ನ ಅಭಿಪ್ರಾಯ. ಉತ್ತರ ಪ್ರದೇಶದ ಕನೌಜಿನ ಮಿಟ್ಟಿ ಅತ್ತರು ಇದಕ್ಕೆ ಸಾಕ್ಷಿ: ಅಲ್ಲಿ ಸುಟ್ಟ ಜೇಡಿಮಣ್ಣನ್ನು ತಾಮ್ರದ ಹಂಡೆಯಲ್ಲಿ ನೀರಿನೊಡನೆ ಕಾಯಿಸಿ, ಅದರ ಆವಿಯನ್ನು ಸಾಂಪ್ರದಾಯಿಕವಾಗಿ ಶ್ರೀಗಂಧದ ಎಣ್ಣೆಗೇ ಭಟ್ಟಿ ಇಳಿಸುತ್ತಾರೆ. ಪ್ರಯೋಗಾಲಯದ ಓಝೋನಿಕ್ ಮಿಶ್ರಣಗಳಿಗಿಂತ ಬಹಳ ಹಿಂದಿನ ಈ ಕಸುಬು ಮಳೆಬಿದ್ದ ನೆಲದ ಗಾಳಿಯನ್ನು ಚರ್ಮದ ಮೇಲೆ ಹೆಚ್ಚು ಹೊತ್ತು ಉಳಿಸಿಕೊಡುತ್ತದೆ.