ಪತ್ತನಾಜೆಗೆ ಮೊದಲು ತುಂಬುವ ಅಟ್ಟ

2020ರ ಮಾರ್ಚ್ ಕೊನೆಯಲ್ಲಿ ಕೊರೊನಾ ತಡೆಗೆಂದು ಕೇರಳ-ಕರ್ನಾಟಕ ಗಡಿಯ ರಸ್ತೆಗಳನ್ನು ಮಣ್ಣು ಸುರಿದು ಮುಚ್ಚಿದಾಗ, ಮಂಗಳೂರನ್ನೇ ತಮ್ಮ ಪೇಟೆಯೆಂದು ನೆಚ್ಚಿಕೊಂಡಿದ್ದ ಕಾಸರಗೋಡಿನ ಕನ್ನಡ ಮನೆಗಳಿಗೆ ದಿಕ್ಕು ತೋಚದಂತಾಯಿತು. ಔಷಧಿಗೆ ತತ್ವಾರ, ಆಸ್ಪತ್ರೆಗೆ ಹೋಗಬೇಕಾದವರ ಪಾಡಂತೂ ಹೇಳತೀರದು. ಆದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯಗಳ ಕಡೆ ಅಟ್ಟ ಇನ್ನೂ ಉಳಿದಿದ್ದ ತೋಟದ ಮನೆಗಳಲ್ಲಿ ಊಟದ ಚಿಂತೆ ಅಷ್ಟಾಗಿ ಕಾಡಲಿಲ್ಲ. ಹಲಸು ಬೆಳೆಯುತ್ತಿತ್ತು, ಭರಣಿಯಲ್ಲಿ ಉಪ್ಪಿನಕಾಯಿ ಇತ್ತು, ಒಬ್ಬರ ತೆಂಗಿನಕಾಯಿಗೆ ಇನ್ನೊಬ್ಬರ ಸೌತೆಕಾಯಿ ಬದಲಾಗುತ್ತಿತ್ತು.

ಕಷ್ಟಕಾಲಕ್ಕೆ ಏನೇನು ಕೂಡಿಡಬೇಕು ಎಂದು ಕೇಳಿದರೆ ಸಾಮಾನ್ಯವಾಗಿ ಉದ್ದನೆಯ ಪಟ್ಟಿಯೊಂದು ಬರುತ್ತದೆ. ನನ್ನ ಮಟ್ಟಿಗೆ ಆ ಪಟ್ಟಿಗಿಂತ ಮೊದಲು ಕೇಳಬೇಕಾದದ್ದು ಒಂದೇ: ಇದರಲ್ಲಿ ನೀರೆಷ್ಟಿದೆ? ವರ್ಷಕ್ಕೆ ಸರಾಸರಿ 3500 ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ, ಅದರಲ್ಲಿ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಬೀಳುವ ನಾಡು ಇದು; ಮೇ ಕೊನೆಯಲ್ಲಿ ಬರುವ ಪತ್ತನಾಜೆ ಎಂಬ ತುಳು ದಿನವೇ ಮಳೆಗಾಲದ ಹೊಸ್ತಿಲು. ಇಲ್ಲಿ ಸಂಗ್ರಹವನ್ನು ಮೊದಲು ತಿನ್ನುವುದು ಮನೆಯವರಲ್ಲ, ಬೂಸ್ಟು.

ಬೂಸ್ಟಿಗೂ ಬ್ಯಾಕ್ಟೀರಿಯಾಕ್ಕೂ ಬೇಕಾದದ್ದು ಪದಾರ್ಥದಲ್ಲಿರುವ ಒಟ್ಟು ನೀರಲ್ಲ, ಅವುಗಳ ಕೈಗೆಟುಕುವ ನೀರು. ವಿಜ್ಞಾನಿಗಳು ಇದನ್ನು ನೀರಿನ ಸಕ್ರಿಯತೆ ಎಂದು ಅಳೆಯುತ್ತಾರೆ. ಶುದ್ಧ ನೀರಿಗೆ ಅದು 1. ಸುಮಾರು 0.9ಕ್ಕಿಂತ ಕೆಳಗೆ ಹೆಚ್ಚಿನ ಬ್ಯಾಕ್ಟೀರಿಯಾಗಳು, 0.8ರ ಕೆಳಗೆ ಹೆಚ್ಚಿನ ಬೂಸ್ಟುಗಳು ಬೆಳೆಯಲಾರವು, 0.6ರ ಕೆಳಗೆ ಯಾವುದೂ ಬೆಳೆಯದು. ಅಷ್ಟಕ್ಕೆ ಇಳಿಸಲು ಇರುವ ಉಪಾಯಗಳು ಎರಡು: ನೀರನ್ನು ಹೊರಗೆ ಹಾಕುವುದು, ಇಲ್ಲವೇ ಉಪ್ಪೋ ಬೆಲ್ಲವೋ ಸೇರಿಸಿ ನೀರನ್ನು ಒಳಗೇ ಕಟ್ಟಿಹಾಕುವುದು. ಹಪ್ಪಳ, ಮಾಂಬಳ (ಒಣಗಿಸಿದ ಮಾವಿನ ರಸ), ಸಾಂತಾಣಿ (ಬೇಯಿಸಿ ಒಣಗಿಸಿದ ಹಲಸಿನ ಬೀಜ), ಒಣಮೀನು, ಪುನರ್ಪುಳಿಯ (ಕೋಕಂ) ಸಿಪ್ಪೆ ಮೊದಲ ದಾರಿಯವು. ಉಪ್ಪಿನಲ್ಲಿಟ್ಟ ಹಲಸಿನ ಸೊಳೆ, ಅಂದರೆ ಉಪ್ಪುಸೊಳೆ, ಎರಡನೆಯದು.

ಉಪ್ಪುಸೊಳೆ ಹಾಕುವುದನ್ನು ಹತ್ತಿರದಿಂದ ನೋಡಬೇಕು. ಬಲಿತ, ಇನ್ನೂ ಹಣ್ಣಾಗದ ಹಲಸಿನ ಸೊಳೆಯನ್ನು ಬೀಜ ತೆಗೆದು ಭರಣಿಯಲ್ಲಿ ಒಂದು ಪದರ ಹರಡಿ, ಮೇಲೆ ಕಲ್ಲುಪ್ಪು, ಮತ್ತೆ ಸೊಳೆ, ಮತ್ತೆ ಉಪ್ಪು. ಕೊನೆಗೆ ತೊಳೆದ ಭಾರದ ಕಲ್ಲೊಂದನ್ನು ಹೇರುತ್ತಾರೆ. ಒಂದು ಹನಿ ನೀರು ಹಾಕದಿದ್ದರೂ ಮರುದಿನಕ್ಕೆ ಭರಣಿಯಲ್ಲಿ ನೀರು ನಿಂತಿರುತ್ತದೆ. ಹೊರಗಿನ ಉಪ್ಪು ಸೊಳೆಯ ಜೀವಕೋಶಗಳೊಳಗಿನ ನೀರನ್ನು ಎಳೆದುಕೊಂಡಿರುತ್ತದೆ. ಕರಗಲಾರದಷ್ಟು ಉಪ್ಪು ತುಂಬಿದ ನೀರಿನ ಸಕ್ರಿಯತೆ 0.75, ಭರಣಿಯ ನೀರು ಅಷ್ಟು ಗಟ್ಟಿಯಾಗದಿದ್ದರೂ ಅನ್ನ ಹಳಸುವಂತೆ ಮಾಡುವ ಬ್ಯಾಕ್ಟೀರಿಯಾಗಳನ್ನು ತಡೆಯಲು ಅದು ಸಾಕು. ಕಲ್ಲಿನ ಕೆಲಸ ಇನ್ನೊಂದು: ಸೊಳೆ ಮೇಲೆ ತೇಲಬಾರದು. ನೀರಿನಡಿಯಲ್ಲಿದ್ದರೆ ಗಾಳಿಯಿಲ್ಲ, ಗಾಳಿಯಿಲ್ಲದಲ್ಲಿ ಬೂಸ್ಟು ಇಲ್ಲ. ಮಳೆಗಾಲದ ತುಳು ತಿಂಗಳಾದ ಆಟಿಯಲ್ಲಿ, ಗದ್ದೆಯಲ್ಲೂ ತೋಟದಲ್ಲೂ ಏನೂ ಸಿಗದ ಆ ತಿಂಗಳಲ್ಲಿ, ಇದನ್ನು ತೆಗೆದು ನೀರಿನಲ್ಲಿ ನೆನೆಸಿ ಹಿಂಡಿದರೆ ಪಲ್ಯಕ್ಕೂ ಆಯಿತು, ರೊಟ್ಟಿಗೂ ಆಯಿತು, ಕರಿದ ತಿಂಡಿಯಾದ ಉಂಡಲಕಾಳಿಗೂ ಆಯಿತು.

ಸೊಳೆಯನ್ನು ಕಾಯುವ ಉಪ್ಪಿಗೇ ಮಳೆಗಾಲದಲ್ಲಿ ಕಾವಲು ಬೇಕು. ಶುದ್ಧ ಉಪ್ಪು ಗಾಳಿಯ ತೇವ ಶೇಕಡಾ 75 ದಾಟಿದರೆ ತಾನೇ ನೀರಾಗತೊಡಗುತ್ತದೆ. ಸಮುದ್ರದ ಕಲ್ಲುಪ್ಪಿನಲ್ಲಿರುವ ಮೆಗ್ನೀಸಿಯಂ ಕ್ಲೋರೈಡಿಗೆ ಶೇಕಡಾ 33ರಷ್ಟು ತೇವವೇ ಸಾಕು, ಹಾಗಾಗಿ ಕಲ್ಲುಪ್ಪು ಬೇಸಿಗೆಯಲ್ಲೂ ಬೆವರುತ್ತದೆ. ಹಿಂದಿನವರು ಅದನ್ನು ಒಲೆಯ ಪಕ್ಕದಲ್ಲಿ ಮರದ ಮರಿಗೆಯಲ್ಲಿ ಇಡುತ್ತಿದ್ದುದಕ್ಕೆ ಕಾರಣ ಇದೇ. ಬೆವರಿದ ಕಹಿ ನೀರು ಅಡಿಗೆ ಸೋರಿಹೋದಂತೆಲ್ಲ ಮೇಲೆ ಉಳಿದ ಉಪ್ಪು ಇನ್ನಷ್ಟು ಶುದ್ಧವಾಗುತ್ತದೆ. ಈಗಿನ ಅಯೋಡಿನ್ ಉಪ್ಪಿಗೆ ಈ ಉಪಚಾರ ಸಲ್ಲದು. ತೇವ ತಗುಲಿದರೆ ಅದರ ಅಯೋಡಿನ್ ಕಡಿಮೆಯಾಗುತ್ತದೆ. ಬಾಯಿ ಬಿಗಿದ ಡಬ್ಬಿಯೇ ಅದಕ್ಕೆ ತಕ್ಕ ಜಾಗ.

ಇನ್ನು ವಿನಿಮಯದ ಮಾತು. ಕೆಡದ ವಸ್ತುವೇ ಹಣವಾಗುತ್ತದೆ ಎಂಬುದಕ್ಕೆ ನಮ್ಮ ಅಕ್ಕಿಮುಡಿಗಿಂತ ಒಳ್ಳೆಯ ಸಾಕ್ಷಿ ಬೇಕಿಲ್ಲ. ಬೈಹುಲ್ಲಿನ ಹಗ್ಗದಿಂದ ಬಿಗಿದು ಕಟ್ಟಿದ, 42 ಸೇರು ಅಕ್ಕಿ ಹಿಡಿಯುವ ಆ ಉಂಡೆ ಅಟ್ಟದ ಸಂಗ್ರಹವೂ ಹೌದು, ಲೆಕ್ಕದ ಮೂಲಮಾನವೂ ಹೌದು. 1970ರ ಜನವರಿ 1ರಂದು ಕೇರಳದಲ್ಲಿ ಗೇಣಿ ಪದ್ಧತಿ ರದ್ದಾಗುವ ತನಕ ಒಡೆಯನಿಗೆ ಒಕ್ಕಲು ಅಳೆಯುತ್ತಿದ್ದದ್ದು ಎಷ್ಟು ಮುಡಿ ಎಂಬ ಲೆಕ್ಕದಲ್ಲಿ. ಆ ಲೆಕ್ಕದಡಿಯಲ್ಲಿ ಎಷ್ಟೋ ಮನೆಗಳ ಹಸಿವೂ ಇತ್ತು, ಅದನ್ನು ಮರೆತು ಮುಡಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಮುಡಿಯೊಳಗಿನ ಕುಚ್ಚಲಕ್ಕಿಯ ಗುಣ ಮಾತ್ರ ನಿಜಕ್ಕೂ ದೊಡ್ಡದು. ಭತ್ತವನ್ನು ಬೇಯಿಸಿ ಒಣಗಿಸಿದಾಗ ಕಾಳಿನ ಪಿಷ್ಟ ಕರಗಿ ಒಂದಾಗಿ ಮತ್ತೆ ಗಟ್ಟಿಯಾಗುತ್ತದೆ. ಕಾಳು ನುಚ್ಚಾಗುವುದು ಕಡಿಮೆ, ಹುಳಕ್ಕೆ ಕೊರೆಯುವುದು ಕಷ್ಟ. ತೌಡಿನಲ್ಲಿರುವ ಬಿ1 ಜೀವಸತ್ವದ ಒಂದು ಪಾಲು ಕಾಳಿನೊಳಕ್ಕೂ ಇಳಿಯುತ್ತದೆ.

ಕರಿಮೆಣಸು ಇದಕ್ಕಿಂತ ಗಟ್ಟಿ ನಾಣ್ಯ. ಮೂರು ಕಿಲೋ ಹಸಿ ಕಾಳುಮೆಣಸು ಒಣಗಿ ಒಂದು ಕಿಲೋದಷ್ಟಾದಾಗ ಅದರಲ್ಲಿ ಉಳಿಯುವ ನೀರು ಶೇಕಡಾ ಹನ್ನೊಂದರ ಆಸುಪಾಸು. ಅದರ ಪರಿಮಳ ತರುವ ಎಣ್ಣೆ ಹಾರಿಹೋಗುವಂಥದ್ದು, ಖಾರ ಕೊಡುವ ಪೈಪರಿನ್ ಹಾರಿಹೋಗದ ಘನವಸ್ತು. ಪುಡಿ ಮಾಡದೆ ಇಡೀ ಕಾಳಾಗಿಯೇ ಇಟ್ಟರೆ ವರ್ಷಗಟ್ಟಲೆ ಖಾರ ಕಾಳಿನಲ್ಲೇ ಇರುತ್ತದೆ. ಕ್ರಿ.ಶ. 408ರಲ್ಲಿ ರೋಮ್ ನಗರವನ್ನು ಮುತ್ತಿದ ವಿಸಿಗಾಥರ ದೊರೆ ಅಲಾರಿಕ್ ಬಿಡುಗಡೆಗೆ ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿಗಳ ಜೊತೆ 3000 ಪೌಂಡ್ ಮೆಣಸೂ ಇತ್ತು. ನಮ್ಮ ತೋಟಗಳಲ್ಲಿ ಅಡಿಕೆಯೂ ಹೀಗೆಯೇ. ನಲವತ್ತು ದಿನಗಳ ಮೇಲೆ ಬಿಸಿಲು ಕಂಡ ಚಾಲಿ (ಒಣಗಿಸಿದ ಅಡಿಕೆ) ಗೋಣಿಯಲ್ಲಿ ಸುಮ್ಮನೆ ಕುಳಿತಿದ್ದು, ಮದುವೆಯೋ ಕಾಯಿಲೆಯೋ ಬಂದಾಗ ಅಂಗಡಿಗೆ ಹೋಗುತ್ತದೆ. ಹಳೆಯದಾದರೆ ಬೆಲೆಯೂ ಹೆಚ್ಚು. ಒಂದು ಎಚ್ಚರ: ಮೆಣಸಿಗೂ ಅಡಿಕೆಗೂ ಬೆಲೆ ಕಟ್ಟುವವನು ಪೇಟೆಯಲ್ಲಿದ್ದಾನೆ. ದಾರಿ ಮುಚ್ಚಿದಾಗ ನೆರೆಮನೆಯಲ್ಲಿ ಬದಲಾಗುವುದು ಅಕ್ಕಿ, ಉಪ್ಪು, ತೆಂಗಿನೆಣ್ಣೆ, ಬೆಂಕಿಪೆಟ್ಟಿಗೆ, ಬ್ಯಾಟರಿ ಸೆಲ್ಲುಗಳಂಥವು: ಎಲ್ಲರಿಗೂ ಬೇಕಾದವು, ಸಣ್ಣ ಸಣ್ಣ ಪಾಲಾಗಿ ಕೊಡಬಹುದಾದವು. ಕೂಡಿಡುವಾಗ ಒಂದು ಪಾಲು ಕೊಡುವುದಕ್ಕೆಂದೇ ಇರಲಿ. ಸೆಲ್ಲುಗಳನ್ನು ಟಾರ್ಚಿನೊಳಗೆ ಬಿಟ್ಟಿಡಬೇಡಿ, ಸೋರಿದರೆ ಟಾರ್ಚೂ ಹೋಗುತ್ತದೆ.

ಅಟ್ಟದ ಅರ್ಧ ವಿಜ್ಞಾನ ಕೆಳಗಿನ ಒಲೆಯಲ್ಲಿತ್ತು. ಅದರ ಬಿಸಿ ತೇವವನ್ನು ಓಡಿಸುತ್ತಿತ್ತು, ಹೊಗೆಯೊಳಗಿನ ಫೀನಾಲುಗಳೆಂಬ ರಾಸಾಯನಿಕಗಳು ಬೂಸ್ಟನ್ನು ತಡೆಯುತ್ತಿದ್ದವು. ಅಲ್ಲಿಟ್ಟ ತೆಂಗಿನಕಾಯಿಯ ತಿರುಳು ತಿಂಗಳುಗಳಲ್ಲಿ ಚಿಪ್ಪಿನಿಂದ ಬಿಟ್ಟು ಉಂಡೆಕೊಬ್ಬರಿಯಾಗಿ ಗಡಗಡಿಸುತ್ತಿತ್ತು. ಈಗ ಗ್ಯಾಸ್ ಒಲೆ, ಕಾಂಕ್ರೀಟ್ ಸೂರು. ಹೆಂಗಸರ ಕಣ್ಣು, ಶ್ವಾಸಕೋಶಗಳ ಲೆಕ್ಕದಲ್ಲಿ ಹೊಗೆ ಹೋದದ್ದು ಒಳ್ಳೆಯದೇ ಆಯಿತು. ಅದರ ಕೆಲಸವನ್ನು ಈಗ ಗಾಳಿಯಾಡದ ಪಾತ್ರೆ ಮಾಡಬೇಕು. ಹೆಸರು, ಅಲಸಂಡೆಗಳ ಮೇಲೆ ದುಂಬಿ ಮೊಟ್ಟೆಯಿಡುತ್ತದೆ, ಮರಿ ಕಾಳೊಳಗೆ ಕೊರೆದು ಬೆಳೆಯುತ್ತದೆ. ದುಂಡು ತೂತು ಕಾಣುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಹಿಂದೆ ಬೂದಿ ಬೆರೆಸುತ್ತಿದ್ದರು. ಬೂದಿಯ ಕಣ ಹುಳದ ಮೈಮೇಲಿನ ಮೇಣವನ್ನು ಉಜ್ಜಿ ತೆಗೆದು ಅದನ್ನು ಒಣಗಿಸಿ ಕೊಲ್ಲುತ್ತದೆ. ಇಂದು ಮೇ ತಿಂಗಳ ಬಿಸಿಲಿಗೆ ಚೆನ್ನಾಗಿ ಒಣಗಿಸಿ, ತಣಿದ ಮೇಲೆ ಬಾಟಲಿಯ ಕುತ್ತಿಗೆಯ ತನಕ ತುಂಬಿ ಬಿಗಿಯಾಗಿ ಮುಚ್ಚಿದರೆ ಉಳಿದ ಹುಳಗಳು ಒಳಗಿನ ಆಮ್ಲಜನಕವನ್ನು ತಾವೇ ಮುಗಿಸಿಕೊಂಡು ಸಾಯುತ್ತವೆ. ಅರ್ಧ ತುಂಬಿದ ಡಬ್ಬಿಯಲ್ಲಿ ಇದು ನಡೆಯದು. ಬೂಸ್ಟು ಬಂದ ಕೊಬ್ಬರಿ, ನೆಲಗಡಲೆಗಳನ್ನು ಒರೆಸಿ ತಿನ್ನಬೇಡಿ. ಅವುಗಳಲ್ಲಿರಬಹುದಾದ ಅಫ್ಲಾಟಾಕ್ಸಿನ್ ಎಂಬ ಬೂಸ್ಟಿನ ವಿಷ ಅಡುಗೆಯ ಬಿಸಿಗೆ ನಾಶವಾಗದು, ಯಕೃತ್ತನ್ನು ಕೆಡಿಸುತ್ತದೆ.

ಪತ್ತನಾಜೆ ಕಳೆದು ಮಳೆ ಹಿಡಿದರೆ ಬಾವಿ ಕದಡುತ್ತದೆ. 1000 ಲೀಟರ್ ನೀರಿಗೆ 2.5 ಗ್ರಾಂ ಬ್ಲೀಚಿಂಗ್ ಪೌಡರ್ ಎಂಬ ಲೆಕ್ಕ ಒಳ್ಳೆಯ ಪುಡಿಗೆ ಮಾತ್ರ ಸಲ್ಲುತ್ತದೆ, ತೇವ ತಾಗಿ ಕ್ಲೋರಿನ್ ಕಳೆದುಕೊಂಡ ಪುಡಿಗಲ್ಲ. ಅದನ್ನೂ ಬಿಗಿಯಾಗಿ ಮುಚ್ಚಿ, ಬೆಳಕು ಬೀಳದ ಕಡೆ, ಮಕ್ಕಳ ಕೈಗೆ ಸಿಗದಂತೆ ಇಡಬೇಕು. ಕುಡಿಯುವ ನೀರನ್ನು ಕೊತಕೊತ ಕುದಿಸುವುದಂತೂ ತಪ್ಪಬಾರದು. ಇಷ್ಟಾದರೂ ಮಗುವಿಗೆ ಭೇದಿ ಹತ್ತಿ, ಮೈಯ ನೀರು ಆರದಂತೆ ಕುಡಿಸುವ ಪೇಟೆಯ ಓಆರ್‌ಎಸ್ ಪುಡಿಯ ಪೊಟ್ಟಣ ಸಿಗದೆ ಹೋದರೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಕರುಳಿನಲ್ಲಿ ಸಕ್ಕರೆ ಒಳಹೋಗುವಾಗ ಉಪ್ಪಿನ ಸೋಡಿಯಂ ಜೊತೆಗೆ ಹೋಗುತ್ತದೆ, ಅವುಗಳ ಹಿಂದೆಯೇ ನೀರೂ ಹೋಗುತ್ತದೆ. ಗುಟುಕು ಗುಟುಕಾಗಿ ಕುಡಿಸುತ್ತಲೇ ವೈದ್ಯರನ್ನು ತಲುಪುವ ದಾರಿ ನೋಡಬೇಕು. ಮಾಡಿಟ್ಟ ದ್ರಾವಣವನ್ನು ಒಂದು ದಿನ ಕಳೆದ ಮೇಲೆ ಚೆಲ್ಲಿ ಹೊಸದನ್ನು ಮಾಡಿಕೊಳ್ಳಬೇಕು.