ಸಹಭಾಗಿ: ಬಂದು ಹೋದವರಿಗೆ ಈ ಪದ ಸಲ್ಲದು

ಕಳೆದ ವಾರ ಒಂದು ಪ್ರಮಾಣಪತ್ರದ ಫೋಟೋ ನನ್ನ ಫೋನಿಗೆ ಬಂತು. ಮುಂಬೈಯ ಒಂದು ಕನ್ನಡ ಶಾಲೆಗೆ ಕಾಲೇಜಿನ ವಿಜ್ಞಾನ ವಿದ್ಯಾರ್ಥಿಗಳು ಹೋಗಿದ್ದರು. ಒಂದೇ ಒಂದು ಮಧ್ಯಾಹ್ನ. ಅಡುಗೆ ಸೋಡಾಕ್ಕೆ ವಿನೆಗರ್ ಸುರಿದು ಜ್ವಾಲಾಮುಖಿ ಮಾಡಿ ತೋರಿಸಿದರು, ಮಕ್ಕಳ ಜೊತೆ ಫೋಟೋ ತೆಗೆಸಿಕೊಂಡರು, ಸಂಜೆಯ ಲೋಕಲ್ ಹಿಡಿದು ಮನೆಗೆ ಹೋದರು. ಪ್ರಮಾಣಪತ್ರದ ಮೇಲೆ ದಪ್ಪ ಅಕ್ಷರದಲ್ಲಿ 'ವಿಜ್ಞಾನ ಸಹಭಾಗಿತ್ವ ಪ್ರಮಾಣಪತ್ರ' ಎಂದು ಅಚ್ಚಾಗಿದೆ. ಇಂಥದ್ದು ಈ ವರ್ಷ ನಾನು ನೋಡಿದ್ದು ನಾಲ್ಕನೆಯದು. ಆ ಹುಡುಗರು ಹೋಗಿದ್ದು ತಪ್ಪಲ್ಲ. ಹೋಗಲಿ, ಇನ್ನೂ ಜಾಸ್ತಿ ಜನ ಹೋಗಲಿ. ಆದರೆ ಅದು ಸಹಭಾಗಿತ್ವ ಅಲ್ಲ, ಭೇಟಿ.

ಈ ಗೊಂದಲ ಎಲ್ಲಿಂದ ಬಂತು ಅನ್ನೋದು ನಮ್ಮ ಮುಂಬೈಯಲ್ಲಿ ಇದ್ದವರಿಗೆ ಕೂಡಲೇ ಗೊತ್ತಾಗುತ್ತದೆ. ಮರಾಠಿಯಲ್ಲಿ 'ಸಹಭಾಗೀ ಝಾಲೇ' ಅಂದರೆ ಭಾಗವಹಿಸಿದರು ಅಂತ ಅರ್ಥ, ಅಷ್ಟೆ. ಓಟದ ಸ್ಪರ್ಧೆಯಲ್ಲಿ ಓಡಿದವರೆಲ್ಲ ಸಹಭಾಗಿಗಳೇ. ಶಾಲೆಗಳಲ್ಲಿ ಕೊಡುವ 'ಸಹಭಾಗ ಪ್ರಮಾಣಪತ್ರ' ಆ ಅರ್ಥದ್ದು. ಜೊತೆಯಲ್ಲಿ ವ್ಯವಹಾರ ಮಾಡೋದಕ್ಕೆ ಮರಾಠಿಯವರು 'ಭಾಗೀದಾರೀ' ಎಂಬ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ. ಕನ್ನಡದಲ್ಲಿ ಹಾಗಲ್ಲ. ನಮ್ಮ ಪತ್ರಿಕೆಗಳು 'ಸಾರ್ವಜನಿಕ–ಖಾಸಗಿ ಸಹಭಾಗಿತ್ವ' ಎಂದು ಬರೆದಾಗ ಸರ್ಕಾರವೂ ಕಂಪನಿಯೂ ಕೂಡಿ ಹಣ ಹಾಕಿ, ಕೂಡಿ ಹೊಣೆ ಹೊರುವ ಏರ್ಪಾಡು ಅಂತ ಓದುಗರು ತಿಳಿಯುತ್ತಾರೆ. ಅದೇ ಏರ್ಪಾಡಿಗೆ ಮರಾಠಿ ಪತ್ರಿಕೆ 'ಭಾಗೀದಾರೀ' ಅನ್ನುತ್ತದೆ. ಅಂದರೆ ಅವರ 'ಸಹಭಾಗ' ನಮ್ಮ 'ಸಹಭಾಗಿತ್ವ' ಅಲ್ಲ. ಒಂದೇ ವೇಷ, ಬೇರೆ ಅರ್ಥ. ಮರಾಠಿ ಪ್ರಮಾಣಪತ್ರವನ್ನು ಪಕ್ಕದಲ್ಲಿಟ್ಟುಕೊಂಡು ಕನ್ನಡಕ್ಕೆ ಇಳಿಸುವವರು ಇಲ್ಲಿ ಜಾರುತ್ತಾರೆ. ಎರಡು ಭಾಷೆಯಲ್ಲಿ ಬದುಕುವ ನಾವು ಇದನ್ನು ಎಲ್ಲರಿಗಿಂತ ಮೊದಲು ಹಿಡಿಯಬೇಕಿತ್ತು, ಅಲ್ವಾ?

ಪದದ ಬೇರು ನೋಡಿದರೆ ವಿಷಯ ಇನ್ನೂ ಸ್ಪಷ್ಟವಾಗುತ್ತದೆ. 'ಭಜ್' ಎಂಬ ಸಂಸ್ಕೃತ ಧಾತುವಿಗೆ ಹಂಚು, ಹಂಚಿಕೊಳ್ಳು ಎಂಬ ಅರ್ಥ. ಭಾಗ ಬಂದಿದ್ದು ಅಲ್ಲಿಂದ, ವಿಭಾಗ ಅಲ್ಲಿಂದ, ಭಾಗಾಕಾರದ ಲೆಕ್ಕದಲ್ಲಿ ಬರುವ ಭಾಜ್ಯ, ಭಾಜಕ ಅಲ್ಲಿಂದ. ನಮ್ಮ ಪಾಲಿಗೆ ಬಂದದ್ದು ಭಾಗ್ಯ. ಇದೇ ಧಾತುವಿನಿಂದ ಹುಟ್ಟಿದ 'ಭಕ್ತ' ಎಂಬ ಪದಕ್ಕೆ ಬೇಯಿಸಿದ ಅನ್ನ ಎಂಬ ಅರ್ಥವೂ ಇತ್ತು. ಅದು ಸವೆದು ಸವೆದು ಮರಾಠಿಯ 'ಭಾತ್' ಆಯಿತು, ಆ ಭಾತ್ ನಮ್ಮ ವಾಂಗಿಭಾತಿನ ಜೊತೆ ಕನ್ನಡದ ಅಡುಗೆಮನೆಗೂ ಬಂತು. ಎಲ್ಲ ಕಡೆಯೂ ಹಂಚಿಕೊಳ್ಳುವ ವಿಷಯವೇ. ಊರ ಕಡೆ 'ಅವರ ಮನೇಲಿ ಭಾಗ ಆಯ್ತು' ಅಂದರೆ ಆಸ್ತಿ ಪಾಲಾಯಿತು ಅಂತ. ಗದ್ದೆ ಮಾತ್ರ ಅಲ್ಲ, ಸಾಲವೂ ಭಾಗ ಆಗುತ್ತದೆ. ಭಾಗಿ ಅಂದರೆ ಪಾಲು ಇರುವವನು. ಸಹಭಾಗಿ ಅಂದರೆ ಇನ್ನೊಬ್ಬರ ಜೊತೆ ಒಂದೇ ಗಂಟಿನಲ್ಲಿ ಪಾಲು ಇರುವವನು. ಆ ಗಂಟಿನಲ್ಲಿ ಲಾಭವೂ ಇರುತ್ತದೆ, ನಷ್ಟವೂ ಇರುತ್ತದೆ.

'ಪಾಲು' ಎಂಬ ಕನ್ನಡ ಪದ ಹಿಡಿದರಂತೂ ಗೊಂದಲಕ್ಕೆ ಜಾಗವೇ ಇಲ್ಲ. 'ಪಾಲ್ಗೊಂಡವನು' ಬೇರೆ, 'ಪಾಲುದಾರ' ಬೇರೆ. ಎರಡರಲ್ಲೂ ಇರೋದು ಒಂದೇ ಪಾಲು. (ಹಳಗನ್ನಡದಲ್ಲಿ ಕುಡಿಯುವ ಹಾಲೂ 'ಪಾಲ್' ಆಗಿತ್ತು. ಅದರ ಪಕಾರ ಹಕಾರವಾಗಿ ಹಾಲು ಆಯಿತು, ಹಂಚಿಕೊಳ್ಳುವ ಪಾಲು ಮಾತ್ರ ಹಾಗೇ ಉಳಿಯಿತು. ನನಗೆ ತುಂಬ ಇಷ್ಟವಾದ ಸಂಗತಿ ಇದು.) ಮದುವೆಯಲ್ಲಿ ಪಾಲ್ಗೊಂಡವರನ್ನು ಯಾರೂ ಪಾಲುದಾರರು ಅನ್ನುವುದಿಲ್ಲ. ಮಾಟುಂಗದ ಹೋಟೆಲಿನಲ್ಲಿ ದಿನಾ ಇಡ್ಲಿ ತಿನ್ನುವವನು ಗಿರಾಕಿ. ಬೆಳಿಗ್ಗೆ ಐದಕ್ಕೆ ಬಂದು ಗಲ್ಲಾದ ಮೇಲೆ ಕೂತು, ತಿಂಗಳ ಕೊನೆಗೆ ಲೆಕ್ಕ ಸರಿಹೋಗದಿದ್ದರೆ ನಿದ್ದೆಗೆಡುವವನು ಪಾಲುದಾರ. ಹೋಟೆಲಿನ ವಿಷಯದಲ್ಲಿ ಈ ವ್ಯತ್ಯಾಸ ನಮಗೆ ಗೊತ್ತು. ಶಾಲೆಯ ವಿಷಯ ಬಂದಾಗ ಯಾಕೆ ಮರೆಯುತ್ತೇವೆ?

ನಾನು ಪಾಲಿಕೆಯ ಒಂದು ಕನ್ನಡ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಸುಮಾರು 15 ವರ್ಷದ ಹಿಂದೆ, ಎಂ.ಎಸ್ಸಿ. ಭೌತಶಾಸ್ತ್ರ ಓದುತ್ತಿದ್ದ ಠಾಣೆಯ ಒಬ್ಬ ಹುಡುಗಿ ಜೂನ್‌ನಿಂದ ಫೆಬ್ರವರಿವರೆಗೆ ವಾರಕ್ಕೆ ಎರಡು ದಿನ ನನ್ನ ಎಂಟನೇ ತರಗತಿಗೆ ಬರುತ್ತಿದ್ದಳು. ಶನಿವಾರ ಇಬ್ಬರೂ ಕೂತು ಮುಂದಿನ ವಾರದ ಪಾಠ ಬರೆಯುತ್ತಿದ್ದೆವು. ವಿದ್ಯುತ್ ಪ್ರವಾಹದ ಪಾಠದ ದಿನ ಒಬ್ಬ ಹುಡುಗ ಕೇಳಿದ, ಸ್ವಿಚ್ ಹಾಕಿದ ಕೂಡಲೇ ದೀಪ ಹತ್ತುತ್ತದೆ, ಕರೆಂಟ್ ಅಷ್ಟು ಜೋರಾಗಿ ಓಡುತ್ತಾ ಅಂತ. ಒಳ್ಳೆಯ ಪ್ರಶ್ನೆ. ಬ್ಯಾಟರಿಗೆ ಜೋಡಿಸಿದ ತಂತಿಯಲ್ಲಿ ಎಲೆಕ್ಟ್ರಾನ್‌ಗಳು ಸಾಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಆದರೆ ತಂತಿಯ ಉದ್ದಕ್ಕೂ ಅವು ಮೊದಲೇ ತುಂಬಿರುತ್ತವೆ, ಹಾಗಾಗಿ ಎಲ್ಲ ಕಡೆಯೂ ಹೆಚ್ಚುಕಡಿಮೆ ಒಟ್ಟಿಗೇ ಕದಲುತ್ತವೆ. ನಾವು ಸಿದ್ಧಮಾಡಿಕೊಂಡಿದ್ದ ಹೋಲಿಕೆ ನಳದ್ದು. ಕೊಳವೆ ತುಂಬಿರುತ್ತದೆ, ನಳ ತಿರುಗಿಸಿದ ತಕ್ಷಣ ನೀರು ಬರುತ್ತದೆ, ಟ್ಯಾಂಕಿನಿಂದ ಓಡಿ ಬರಬೇಕಾಗಿಲ್ಲ.

ಹಿಂದಿನ ಬೆಂಚಿನಿಂದ ಒಬ್ಬಳು ಎದ್ದು ನಿಂತಳು. "ಅಕ್ಕಾ, ನಮ್ಮ ನಳಕ್ಕ ಮೊದಲು ಬರೇ ಗಾಳಿ ಬರ್ತದ್ರಿ. ನೀರು ಆಮ್ಯಾಲೆ."

ಕಲಬುರಗಿ, ಯಾದಗಿರಿ ಕಡೆಯಿಂದ ದುಡಿಯಲು ಬಂದವರ ಮಕ್ಕಳು ಅವರು. ಅವರ ಗಲ್ಲಿಯಲ್ಲಿ ನೀರು ಬರೋದು ಹೊತ್ತು ನೋಡಿ, ಅಲ್ಲಿಯವರೆಗೆ ಕೊಳವೆ ಖಾಲಿ. ಮಾಳಿಗೆಯ ಮೇಲೆ ಟ್ಯಾಂಕ್ ಇರುವ ಕಟ್ಟಡದಲ್ಲಿ ಬೆಳೆದ ಹುಡುಗಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಆದರೆ ಶನಿವಾರ ಹೊಳೆಯಲಿಲ್ಲ. ಒಪ್ಪಿದ್ದು ಇಬ್ಬರೂ, ತಪ್ಪಿದ್ದೂ ಇಬ್ಬರೂ. ಮುಂದಿನ ತರಗತಿಗೆ ಅವಳು ಹಗ್ಗದ ಉಪಾಯ ತಂದಳು, ನಾನು ಆಟದ ಕೋಣೆಯಿಂದ ಹಗ್ಗ ತಂದೆ. ತುದಿಗೆ ತುದಿ ಗಂಟು ಹಾಕಿ, ಮಕ್ಕಳನ್ನು ಸುತ್ತ ನಿಲ್ಲಿಸಿ, ಎಲ್ಲರೂ ಸಡಿಲವಾಗಿ ಹಿಡಿಯಿರಿ ಅಂದೆವು. ಒಬ್ಬ ಎಳೆದ, ಎಲ್ಲರ ಕೈಯಲ್ಲೂ ಹಗ್ಗ ಒಟ್ಟಿಗೇ ಸರಿಯಿತು. ಎಳೆದವನು ಬ್ಯಾಟರಿ. ಆಮೇಲೆ ಒಬ್ಬಳಿಗೆ ಮಾತ್ರ ಬಿಗಿಯಾಗಿ ಹಿಡಿ ಅಂದೆವು. ಅವಳ ಅಂಗೈ ಬಿಸಿಯಾಯಿತು, ಇಡೀ ಹಗ್ಗವೇ ನಿಧಾನವಾಯಿತು. ಅವಳೇ ಬಲ್ಬು. ಭೌತಶಾಸ್ತ್ರ ಆ ಠಾಣೆಯ ಹುಡುಗಿಯದ್ದು, ಮಕ್ಕಳ ಮನೆಯ ಪರಿಚಯ ನನ್ನದು. ಒಂದು ಇಲ್ಲದೆ ಇನ್ನೊಂದು ಇದ್ದಿದ್ದರೆ ಆ ಪಾಠ ಹುಟ್ಟುತ್ತಿರಲಿಲ್ಲ. ಇದಕ್ಕೆ ಸಹಭಾಗಿತ್ವ ಅನ್ನಿ, ನಾನು ಒಪ್ಪುತ್ತೇನೆ.

ಇದು ನಮ್ಮ ಶಾಲೆಗಷ್ಟೇ ಹೊಳೆದ ಹೊಸ ಉಪಾಯವೇನಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ 1999ರಲ್ಲಿ ಜಿಕೆ-12 ಎಂಬ ಯೋಜನೆ ಶುರುಮಾಡಿತು. ವಿಶ್ವವಿದ್ಯಾಲಯದ ವಿಜ್ಞಾನ ಸಂಶೋಧನಾ ವಿದ್ಯಾರ್ಥಿಗಳು ಶಾಲಾ ಶಿಕ್ಷಕರ ಜೊತೆ ಸೇರಿ ತರಗತಿಯಲ್ಲಿ ಕೆಲಸ ಮಾಡಬೇಕಿತ್ತು, ಅದಕ್ಕೆ ವಿದ್ಯಾರ್ಥಿವೇತನವೂ ಇತ್ತು. ಪಾಲು ಎರಡೂ ಕಡೆಗೆ ಸಿಗುತ್ತದೆ ಎಂಬುದಕ್ಕೆ ಒಂದು ಆಧಾರವೂ ಇದೆ. ಬರೀ ಸಂಶೋಧನೆ ಮಾಡಿದವರಿಗಿಂತ ಅದರ ಜೊತೆಗೆ ಪಾಠವನ್ನೂ ಮಾಡಿದ ವಿದ್ಯಾರ್ಥಿಗಳು ಊಹೆ ಕಟ್ಟುವುದರಲ್ಲಿ, ಪ್ರಯೋಗ ಯೋಜಿಸುವುದರಲ್ಲಿ ಹೆಚ್ಚು ಸುಧಾರಿಸಿದರು ಎಂದು 2011ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ತೋರಿಸಿತು. ನಮ್ಮ ದೇಶದಲ್ಲಿ ಅದಕ್ಕೂ ಮುಂಚೆಯೇ, 1972ರಲ್ಲಿ, ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯ 16 ಶಾಲೆಗಳಲ್ಲಿ ಪ್ರಯೋಗ ಮಾಡಿ ಕಲಿಯುವ ವಿಜ್ಞಾನ ಶುರುವಾಗಿತ್ತು. ನಮ್ಮ ಮುಂಬೈಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ದೆಹಲಿ ವಿಶ್ವವಿದ್ಯಾಲಯದವರೂ ಅಲ್ಲಿಗೆ ಹೋಗಿ ಹಳ್ಳಿಯ ಮೇಷ್ಟ್ರುಗಳ ಜೊತೆ ಕೂತರು. ಮೇಷ್ಟ್ರುಗಳು ತಿಂಗಳಿಗೊಮ್ಮೆ ಸೇರಿ ಯಾವ ಪಾಠ ನಡೆಯಿತು, ಯಾವುದು ನಡೆಯಲಿಲ್ಲ ಎಂದು ಮಾತಾಡುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು, ಆದರೆ ಅಲ್ಲಿಯವರೆಗೆ ನಡೆದದ್ದು 30 ವರ್ಷ. ಆ ಟಾಟಾ ಸಂಸ್ಥೆಯದ್ದೇ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರ 1974ರಿಂದ ಇದೆ, ಮಾನ್‌ಖುರ್ದ್‌ನಲ್ಲಿ, ನಮ್ಮ ಹಾರ್ಬರ್ ಲೈನಿನ ಮೇಲೆ.

'ಸಹಕಾರ' ಮತ್ತು 'ಸ್ವಯಂಸೇವೆ' ಬಗ್ಗೆ ಒಂದೆರಡು ಮಾತು ಸಾಕು. ಕಾಲೇಜು ಸೂಕ್ಷ್ಮದರ್ಶಕ ಎರವಲು ಕೊಟ್ಟರೆ ಸಹಕಾರ. ಹುಡುಗರು ವಿಜ್ಞಾನ ಮೇಳದಲ್ಲಿ ಮೇಜು ಹೊತ್ತು ಸಾಲು ನಿಲ್ಲಿಸಿದರೆ ಸ್ವಯಂಸೇವೆ. ಎರಡೂ ಗೌರವದ ಪದಗಳೇ, ಸಣ್ಣವಲ್ಲ. ಯಾವ ಪದ ಬಳಸಬೇಕು ಎಂದು ಅನುಮಾನ ಬಂದರೆ ನಾನು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇನೆ: ಪಾಠ ಕೆಟ್ಟರೆ ಮಾರನೆಯ ದಿನ ಆ ಮಕ್ಕಳ ಮುಂದೆ ಯಾರು ನಿಲ್ಲುತ್ತಾರೆ? ಶಿಕ್ಷಕರು ಒಬ್ಬರೇ ಅಂತ ಉತ್ತರ ಬಂದರೆ ಅಲ್ಲಿ ಇನ್ನೊಬ್ಬ ಸಹಭಾಗಿ ಇಲ್ಲ.

ಪ್ರಮಾಣಪತ್ರ ಅಚ್ಚು ಹಾಕಿಸುವವರಿಗೆ: 'ವಿಜ್ಞಾನ ಕಾರ್ಯಕ್ರಮದಲ್ಲಿ ಭಾಗವಹಿಸಿದ್ದಕ್ಕಾಗಿ' ಎಂದು ಬರೆದರೆ ಸಾಕು. ಮರಾಠಿಯ 'ಸಹಭಾಗ'ಕ್ಕೆ ಸರಿಯಾದ ಕನ್ನಡ ಅದೇ. ವರ್ಷವಿಡೀ ಬಂದವರಿಗೆ 'ಸಹಭಾಗಿ' ಎಂದೇ ಬರೆಯಿರಿ, ಮತ್ತು ಅವರ ಜೊತೆ ಪಾಠ ಕಟ್ಟಿದ ಶಿಕ್ಷಕರ ಹೆಸರನ್ನೂ ಅದೇ ಸಾಲಿನಲ್ಲಿ, ಅದೇ ಅಳತೆಯ ಅಕ್ಷರದಲ್ಲಿ ಹಾಕಿ.